ಗುಳಿಗೆಗಾಗಿ ಸತ್ಯಾಗ್ರಹ

2000ನೆಯ ಇಸವಿಯ ಅಕ್ಟೋಬರ್ ತಿಂಗಳು. ಥಾಯ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳಿದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ ಸಾವಿರಾರು ಗುಳಿಗೆಗಳಿದ್ದವು. ಗಡಿ ದಾಟಿಸಿ ಗುಳಿಗೆಗಳನ್ನು ಕದ್ದುಮುಚ್ಚಿ ತರುವವರು ಲೋಕಕ್ಕೆ ಹೊಸಬರಲ್ಲ. ಆದರೆ ಈ ಪ್ರಯಾಣಿಕರು ಅವನ್ನು ಕದ್ದೂ ತರಲಿಲ್ಲ, ಮುಚ್ಚಿಯೂ ತರಲಿಲ್ಲ. ಹಣ ಕೊಟ್ಟು ಕೊಂಡು ತಂದುದನ್ನು ಪತ್ರಿಕೆಯವರೆದುರು ಪ್ರದರ್ಶಿಸಿ, ದೇಶದ ಪೇಟೆಂಟು ಕಾನೂನನ್ನು ತಾವು ಬುದ್ಧಿಪೂರ್ವಕವಾಗಿಯೇ ಮುರಿದಿರುವುದಾಗಿ ತಾವೇ ಸಾರಿದರು. ಅವರ ಹೆಸರು ಝಾಕಿ ಅಖ್ಮತ್. ಆಗ ಅವರಿಗೆ ಮೂವತ್ತೆಂಟು ವರ್ಷ. ಅವರ ರಕ್ತದಲ್ಲಿ ಏಡ್ಸ್ ರೋಗಕ್ಕೆ ಮೂಲವಾದ ಎಚ್.ಐ.ವಿ. ವೈರಾಣು ಮನೆಮಾಡಿಕೊಂಡು ಹತ್ತು ವರ್ಷಗಳಾದರೂ ಕಳೆದಿದ್ದವು.

ಅವರು ತಂದ ಗುಳಿಗೆ ಏಡ್ಸಿನದಲ್ಲ. ಏಡ್ಸಿನ ಹಿಂದೆ ಹಿಂದೆಯೇ ಬರುವ ಒಂದು ಬೂಷ್ಟಿನ ರೋಗದ್ದು. ಫ್ಲೂಕೋನಜೋಲ್ ಎಂದು ಅದರ ಹೆಸರು. ಆರೋಗ್ಯವಂತರ ದೇಹದಲ್ಲಿ ತಲೆಯೆತ್ತಲಾರದ ಬೂಷ್ಟು, ಶಕ್ತಿಗುಂದಿದ ಏಡ್ಸ್ ರೋಗಿಯ ಬಾಯಲ್ಲಿಯೂ ಅನ್ನನಾಳದಲ್ಲಿಯೂ ಬೆಳ್ಳಗೆ ದಟ್ಟವಾಗಿ ಹಬ್ಬುತ್ತದೆ. ಆಮೇಲೆ ಅವನು ತುತ್ತು ನುಂಗಲಾರ. ಉಗುಳು ನುಂಗುವುದೂ ಯಾತನೆ. ಕೇಪ್‌ಟೌನಿನ ಬಳಿಯ ನ್ಯಾಂಗಾ ಎಂಬ ಬಡವರ ಬಡಾವಣೆಯಲ್ಲಿದ್ದ ಕ್ರಿಸ್ಟೊಫರ್ ಮೊರಾಕ ಎಂಬವರಿಗೆ ಈ ರೋಗ ತಗುಲಿತ್ತು. ಅವರು ಅಖ್ಮತ್ತರ ಸಂಘದ ಸ್ವಯಂಸೇವಕರು. ಪಾರ್ಲಿಮೆಂಟಿನ ಸಮಿತಿಯೆದುರು ಹೋಗಿ ತಮ್ಮ ಅವಸ್ಥೆಯನ್ನು ಹೇಳಿಕೊಂಡಿದ್ದರು. ಅವರಿಗೆ ಬೇಕಾಗಿದ್ದ ಮದ್ದು ಊರಿನ ಔಷಧದಂಗಡಿಯ ಕಪಾಟಿನಲ್ಲಿತ್ತು. ಆದರೆ ಅದರ ಪೇಟೆಂಟು ಅಮೆರಿಕದ ಫೈಜರ್ ಕಂಪನಿಯದು. ಬೆಲೆಯನ್ನು ಗೊತ್ತುಮಾಡುವ ಅಧಿಕಾರವೂ ಅದರದೇ. ಪೇಟೆಂಟಿನ ಕಟ್ಟಿಲ್ಲದ ಥಾಯ್ಲೆಂಡಿನಲ್ಲಿ ಅದೇ ಗುಳಿಗೆ ದಕ್ಷಿಣ ಆಫ್ರಿಕದ ನಾಣ್ಯದಲ್ಲಿ 2 ರ್‍ಯಾಂಡಿಗಿಂತಲೂ ಕಡಮೆಗೆ ದೊರೆಯುತ್ತಿದ್ದಾಗ, ಕೇಪ್‌ಟೌನಿನ ಅಂಗಡಿಯಲ್ಲಿ ಅದರ ಹತ್ತಾರು ಪಟ್ಟು ತೆರಬೇಕಾಗಿತ್ತು. ಮೊರಾಕ ಅದೇ ವರ್ಷ ತೀರಿಕೊಂಡರು. ಅಖ್ಮತ್ ಥಾಯ್ಲೆಂಡಿಗೆ ಹೋದದ್ದು ಆ ಸಾವಿನ ತರುವಾಯ. ಕಾನೂನು ಮುರಿಯುವ ಆ ಕಾರ್ಯಕ್ರಮಕ್ಕೆ ಅವರು ಇಟ್ಟ ಹೆಸರೂ ಮೊರಾಕರದೇ.

ಕಾನೂನನ್ನು ಬಹಿರಂಗವಾಗಿ ಮುರಿದು, ಶಿಕ್ಷೆಗೆ ತಲೆಯೊಡ್ಡಿ ನಿಲ್ಲುವ ಈ ಕ್ರಮ ನಮಗೆ ಅಪರಿಚಿತವಲ್ಲ. ಅದು ಹುಟ್ಟಿದ್ದೂ ಅದೇ ದೇಶದಲ್ಲಿ. 1906ನೆಯ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಸೇರಿದ ಭಾರತೀಯರು, ಗಾಂಧಿಯವರ ಮುಂದಾಳುತನದಲ್ಲಿ, ಅನ್ಯಾಯದ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. 1952ರಲ್ಲಿ ನೆಲ್ಸನ್ ಮಂಡೇಲರೂ ಅವರ ಸಂಗಡಿಗರೂ ವರ್ಣದ್ವೇಷದ ಶಾಸನಗಳ ವಿರುದ್ಧ ಹೂಡಿದ ಚಳವಳಿ ಅದೇ ಪರಂಪರೆಯದು. ಅಖ್ಮತ್ತರದು ಅದರ ಮುಂದಿನ ಕೊಂಡಿ. ಇದರಲ್ಲೊಂದು ವಿನೋದವೂ ಇಲ್ಲದಿಲ್ಲ. 1909ರಲ್ಲಿ ಬರೆದ 'ಹಿಂದ್ ಸ್ವರಾಜ್'ದಲ್ಲಿ ಡಾಕ್ಟರರನ್ನೂ ವಕೀಲರನ್ನೂ ಒಂದೇ ಸಮನೆ ಬಯ್ದವರು ಗಾಂಧಿ. ಅವರ ಆಯುಧವನ್ನು ಕೈಗೆತ್ತಿಕೊಂಡ ಈ ಜನ ಕೇಳಿದ್ದು ಡಾಕ್ಟರರ ಗುಳಿಗೆಯನ್ನು; ಅದನ್ನು ದಕ್ಕಿಸಿಕೊಂಡದ್ದು ಬಹುಮಟ್ಟಿಗೆ ವಕೀಲರ ನೆರವಿನಿಂದ!

ಮದ್ದು ಇತ್ತು

ಎಚ್.ಐ.ವಿ. ಎಂಬುದು ಒಂದೇ ಏಟಿಗೆ ಕೊಲ್ಲುವ ವೈರಾಣುವಲ್ಲ. ದೇಹದ ಕಾವಲುಪಡೆಯಂತಿರುವ ರಕ್ತದ ಬಿಳಿಯ ಕಣಗಳನ್ನು ವರ್ಷಗಟ್ಟಲೆ ಮೆಲ್ಲಮೆಲ್ಲನೆ ತಿಂದುಹಾಕಿ, ಬಾಗಿಲು ತೆರೆದಿಟ್ಟ ಮನೆಯಂತೆ ದೇಹವನ್ನು ಸಿಕ್ಕಸಿಕ್ಕ ರೋಗಗಳಿಗೆ ಒಪ್ಪಿಸಿಬಿಡುತ್ತದೆ. ಕ್ಷಯ, ನ್ಯುಮೋನಿಯ, ಮೇಲೆ ಹೇಳಿದ ಬೂಷ್ಟು, ಇವುಗಳಲ್ಲಿ ಯಾವುದಾದರೊಂದು ಕೊನೆಗೆ ಕೊಲ್ಲುತ್ತದೆ. 1996ರ ಸುಮಾರಿಗೆ, ಮೂರು ಔಷಧಗಳನ್ನು ಒಟ್ಟಿಗೆ ನಿತ್ಯವೂ ಸೇವಿಸಿದರೆ ಈ ವೈರಾಣುವನ್ನು ಅಡಗಿಸಿಡಬಹುದೆಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಸಾವಿನ ದವಡೆಯಲ್ಲಿದ್ದವರು ಎದ್ದು ಕೆಲಸಕ್ಕೆ ಹೋಗತೊಡಗಿದರು. ಆದರೆ ಒಬ್ಬ ರೋಗಿಗೆ ಒಂದು ವರ್ಷಕ್ಕೆ ತಗಲುವ ವೆಚ್ಚ 10,000 ಡಾಲರಿಗೂ ಮೇಲೆ. 2000ದ ಹೊತ್ತಿಗೆ ದಕ್ಷಿಣ ಆಫ್ರಿಕವೊಂದರಲ್ಲಿಯೇ 40 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಸೋಂಕು ತಗುಲಿದ್ದಿತು.

1998ನೆಯ ನವೆಂಬರ್ ಕೊನೆಗೆ ಸೈಮನ್ ನ್‌ಕೋಲಿ ಎಂಬ ಸ್ವಾತಂತ್ರ್ಯಯೋಧರು ಏಡ್ಸಿನಿಂದ ತೀರಿಕೊಂಡರು. ವರ್ಣದ್ವೇಷದ ಸರಕಾರದ ಸೆರೆಮನೆಯಿಂದ ಬದುಕಿ ಬಂದವರು, ಔಷಧದ ಬೆಲೆಯಿಂದ ಬದುಕಲಾರದೆ ಹೋದರು. ಅವರ ಸ್ಮರಣೆಯ ಸಭೆಯಲ್ಲಿ ಅಖ್ಮತ್ ಮಿತ್ರರಿಗೆ ಕರೆಗೊಟ್ಟರು. ಡಿಸೆಂಬರ್ 10ರಂದು, ಮಾನವಹಕ್ಕುಗಳ ದಿನ, ಕೇಪ್‌ಟೌನಿನ ಸಂತ ಜಾರ್ಜರ ಇಗರ್ಜಿಯ ಮೆಟ್ಟಿಲುಗಳ ಮೇಲೆ ಬೆರಳೆಣಿಕೆಯ ಜನ ಕೂತು, ಹೋಗುಬರುವವರಿಂದ ಮನವಿಗೆ ರುಜು ಹಾಕಿಸಿಕೊಂಡರು. 'ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್', ಎಂದರೆ ಚಿಕಿತ್ಸೆಗಾಗಿ ಚಳವಳಿ, ಎಂಬ ಸಂಘ ಹುಟ್ಟಿದ್ದು ಹೀಗೆ.

ಅದೇ ತಿಂಗಳು ಡರ್ಬನ್ ಸಮೀಪದ ಕ್ವಾಮಾಷುವಿನಲ್ಲಿ ಗುಗು ಡ್ಲಮಿನಿ ಎಂಬ ಮಹಿಳೆ ತನಗೆ ಎಚ್.ಐ.ವಿ. ಇದೆಯೆಂದು ಬಹಿರಂಗವಾಗಿ ಹೇಳಿಕೊಂಡಳು. ಊರಿಗೆ ಕೆಟ್ಟ ಹೆಸರು ತಂದಳೆಂದು ಜನ ಅವಳನ್ನು ಹೊಡೆದು ಕೊಂದರು. ಇದಕ್ಕೆ ಚಳವಳಿಯವರು ಕೊಟ್ಟ ಉತ್ತರ ವಿಲಕ್ಷಣವಾದದ್ದು. 'ಎಚ್.ಐ.ವಿ. ಪಾಸಿಟಿವ್' ಎಂದು ಎದೆಯ ಮೇಲೆ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿಸಿದ ಅಂಗಿಗಳನ್ನು ಮಾಡಿಸಿದರು. ರೋಗವುಳ್ಳವರೂ ತೊಟ್ಟರು, ಇಲ್ಲದವರೂ ತೊಟ್ಟರು. ಯಾರಿಗೆ ಉಂಟು, ಯಾರಿಗೆ ಇಲ್ಲ ಎಂದು ಕಲ್ಲು ಬೀಸುವವನಿಗೆ ತಿಳಿಯದಂತಾಯಿತು.

ಇಬ್ಬರು ಗೆಳೆಯರು

ಈ ಕಥೆಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಕಾಡಿದ್ದು ಮೆರವಣಿಗೆಗಳೂ ಅಲ್ಲ, ಮೊಕದ್ದಮೆಗಳೂ ಅಲ್ಲ. ಒಂದೇ ರೋಗದಿಂದ ನರಳಿದ ಇಬ್ಬರು ಹಿಡಿದ ಬೇರೆ ಬೇರೆ ದಾರಿ.

ಎಡ್ವಿನ್ ಕ್ಯಾಮರನ್ ಆಗ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು. 1997ರಲ್ಲಿ ರೋಗ ಉಲ್ಬಣಿಸಿ, ನ್ಯಾಯಾಲಯದ ಮೆಟ್ಟಿಲು ಹತ್ತುವುದೇ ಅವರಿಗೆ ಕಷ್ಟವಾಯಿತು. ಔಷಧದ ಬೆಲೆ ನ್ಯಾಯಾಧೀಶರ ಸಂಬಳದಲ್ಲಿಯೂ ದೊಡ್ಡ ಪಾಲನ್ನೇ ನುಂಗುವಂಥದು. ಆದರೂ ಅವರು ಕೊಳ್ಳಬಲ್ಲವರಾಗಿದ್ದರು, ಕೊಂಡರು, ಸೇವಿಸಿದರು, ಬದುಕಿದರು. ಬದುಕಿ ಸುಮ್ಮನಿರಲಿಲ್ಲ. 1999ರಲ್ಲಿ ತಮ್ಮ ರೋಗವನ್ನು ಲೋಕಕ್ಕೆ ತಿಳಿಸಿದರು. 2000ದ ಜುಲೈಯಲ್ಲಿ ಡರ್ಬನಿನಲ್ಲಿ ನಡೆದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಲನದಲ್ಲಿ, ಸಾವಿರಾರು ವೈದ್ಯರೂ ವಿಜ್ಞಾನಿಗಳೂ ಕೂತಿದ್ದ ಸಭೆಯೆದುರು ನಿಂತು, ತಾವು ಇಂದು ಬದುಕಿರುವುದು ತಮ್ಮ ಯೋಗ್ಯತೆಯಿಂದಲ್ಲ, ಹಣವಿದ್ದುದರಿಂದ ಎಂಬ ಮಾತನ್ನು ಹೇಳಿಬಿಟ್ಟರು. ಬದುಕನ್ನು ಕೊಂಡುಕೊಂಡೆನೆಂಬ ಸಂಕೋಚ ಆ ಭಾಷಣದುದ್ದಕ್ಕೂ ಇತ್ತು.

ಅಖ್ಮತ್ತರ ದಾರಿ ಇದಕ್ಕೆ ವಿರುದ್ಧ. ಅವರೂ ಬಡವರಲ್ಲ, ಮಿತ್ರರು ಕೊಡಿಸಲು ಸಿದ್ಧರಾಗಿದ್ದರು. ಆದರೆ ಸರಕಾರಿ ಆಸ್ಪತ್ರೆಯ ಸಾಮಾನ್ಯ ರೋಗಿಗೆ ದೊರೆಯುವವರೆಗೆ ಏಡ್ಸಿನ ಔಷಧವನ್ನು ತಾವು ಮುಟ್ಟುವುದಿಲ್ಲವೆಂದು ಅವರು ಪ್ರತಿಜ್ಞೆ ಮಾಡಿದರು. ಹದಿನಾಲ್ಕರ ವಯಸ್ಸಿನಲ್ಲಿಯೇ, 1976ರ ವಿದ್ಯಾರ್ಥಿ ದಂಗೆಯಲ್ಲಿ ಧುಮುಕಿ ಸೆರೆಮನೆ ಕಂಡ ಹುಡುಗ ಅವರು. ಹಟ ಅವರಿಗೆ ಹೊಸತಲ್ಲ. ಆದರೆ ಈ ಹಟದ ಅರ್ಥ, ಎದ್ದ ಪ್ರತಿದಿನವೂ ಕೈಗೆಟಕುವ ಮದ್ದನ್ನು ಬಿಟ್ಟು ಸಾವಿನ ಕಡೆಗೆ ಒಂದು ಹೆಜ್ಜೆ ಇಡುವುದು.

ಅದು ಸರಿಯೇ? ಅವರ ಸಂಗಡಿಗರಲ್ಲಿಯೇ ಅನೇಕರು ಅಲ್ಲವೆಂದರು. ಔಷಧ ಬೇಡವೆನ್ನುವ ಮುಂದಾಳು, ಔಷಧ ಬೇಕೆಂದು ಹೋರಾಡುವ ಸಂಘಕ್ಕೆ ಹೇಗೆ ಮಾದರಿಯಾದಾನು? ನಾನೂ ಈ ಆಕ್ಷೇಪಕ್ಕೆ ತಲೆದೂಗುವವನೇ. ಕ್ಯಾಮರನ್ನರು ಗುಳಿಗೆ ನುಂಗಿದ್ದರಿಂದ ಬಡವರಿಗೇನೂ ನಷ್ಟವಾಗಲಿಲ್ಲ. ಬದುಕಿದ ನ್ಯಾಯಾಧೀಶರಿಂದ ಅವರಿಗೆ ಲಾಭವೇ ಆಯಿತು. ಆದರೆ ಇನ್ನೊಂದು ಮಾತನ್ನೂ ಒಪ್ಪಬೇಕು. ಔಷಧದ ಬೆಲೆ ಎಂಬ ಶುಷ್ಕ ವಿಷಯ, ಅಂಕಿಅಂಶಗಳ ಅರಣ್ಯದಲ್ಲಿ ಕಳೆದುಹೋಗಬಹುದಾಗಿದ್ದ ವಿಷಯ, ಒಬ್ಬ ಮನುಷ್ಯನ ಕೆನ್ನೆ ದಿನದಿನಕ್ಕೆ ಬತ್ತುವುದನ್ನು ನೋಡಿದ ಜನರಿಗೆ ಕಣ್ಣೆದುರಿನ ಸಂಗತಿಯಾಯಿತು.

ಮುಂಬಯಿಯ ಮಾತ್ರೆ

1997ರಲ್ಲಿ ಮಂಡೇಲರ ಸರಕಾರ ಒಂದು ಶಾಸನ ಮಾಡಿತು. ಅದೇ ಔಷಧ ಬೇರೆ ದೇಶದಲ್ಲಿ ಅಗ್ಗವಾಗಿ ಸಿಕ್ಕುವುದಾದರೆ ಅಲ್ಲಿಂದ ತರಿಸಿಕೊಳ್ಳಲು ಅದು ಅವಕಾಶ ಕೊಡುತ್ತಿತ್ತು. ದೊಡ್ಡ ದೊಡ್ಡ ಔಷಧ ಕಂಪನಿಗಳೆಲ್ಲ ಒಟ್ಟಾಗಿ ಇದರ ಮೇಲೆ ದಾವಾ ಹೂಡಿದವು. ಒಂದು ಪಕ್ಷದಲ್ಲಿ 39 ಕಂಪನಿಗಳು. ಪ್ರತಿವಾದಿಗಳ ಪಟ್ಟಿಯಲ್ಲಿ ಮೊದಲ ಹೆಸರು ನೆಲ್ಸನ್ ಮಂಡೇಲ! ಇದಕ್ಕಿಂತ ಅವಿವೇಕದ ದಾವೆಯನ್ನು ಯಾವ ವಕೀಲರೂ ಸಲಹೆ ಮಾಡಿರಲಾರರು. 2001ನೆಯ ಮಾರ್ಚಿಯಲ್ಲಿ ಪ್ರಿಟೋರಿಯದ ಹೈಕೋರ್ಟಿನಲ್ಲಿ ವಿಚಾರಣೆ ತೊಡಗಿದಾಗ, ತಮ್ಮ ಮಾತನ್ನೂ ಕೇಳಬೇಕೆಂದು ಚಳವಳಿಯವರು ಬೇಡಿಕೊಂಡು, ನ್ಯಾಯಾಲಯದ ಸಮ್ಮತಿ ಪಡೆದರು. ಅಲ್ಲಿಯವರೆಗೆ ಕಾಗದಪತ್ರಗಳ ವ್ಯಾಜ್ಯವಾಗಿದ್ದದ್ದು ರೋಗಿಗಳ ವ್ಯಾಜ್ಯವಾಯಿತು. ಊರೂರುಗಳಲ್ಲಿ, ಹೊರದೇಶಗಳಲ್ಲಿಯೂ, ಕಂಪನಿಗಳ ವಿರುದ್ಧ ಮೆರವಣಿಗೆಗಳು ನಡೆದವು. ಏಪ್ರಿಲ್ 19ರಂದು ಕಂಪನಿಗಳು ದಾವೆಯನ್ನು ಹಿಂದಕ್ಕೆ ತೆಗೆದುಕೊಂಡವು.

ಇಷ್ಟು ಬೇಗ ಅವು ಸೋತುದಕ್ಕೆ ಜನಾಭಿಪ್ರಾಯದ ಜೊತೆಗೆ ಮತ್ತೊಂದು ಕಾರಣವುಂಟು. ಅದು ನಮ್ಮ ದೇಶದ ಸಂಗತಿ. ಬ್ರಿಟಿಷರು 1911ರಲ್ಲಿ ಮಾಡಿದ ಪೇಟೆಂಟು ಕಾನೂನಿನಿಂದ ಔಷಧಗಳು ನಮ್ಮಲ್ಲಿ ಬಹಳ ದುಬಾರಿಯಾಗಿದ್ದವು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯನ್ನು ಆಧರಿಸಿ, 1970ರಲ್ಲಿ ಹೊಸ ಶಾಸನ ಬಂದಿತು. ಔಷಧದ ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟು, ಔಷಧಕ್ಕೇ ಅಲ್ಲ ಎಂದು ಅದು ವಿಧಿಸಿತು. ಹೋಳಿಗೆ ಮಾಡುವ ಒಂದು ಬಗೆ ನಿಮ್ಮ ಸ್ವತ್ತಾಗಬಹುದು. ಹೋಳಿಗೆಯೇ ನಿಮ್ಮ ಸ್ವತ್ತಲ್ಲ. ಬೇರೆ ಬಗೆಯಲ್ಲಿ ಮಾಡಬಲ್ಲವರು ಮಾಡಿಕೊಳ್ಳಲಿ ಎಂಬಂತೆ. ನಮ್ಮ ರಸಾಯನ ಶಾಸ್ತ್ರಜ್ಞರು ಬೇರೆ ಬೇರೆ ಬಗೆಗಳನ್ನು ಕಂಡುಹಿಡಿಯುವುದರಲ್ಲಿ ನಿಸ್ಸೀಮರಾದರು. ಮುಂಬಯಿಯ ಸಿಪ್ಲಾ ಅಂಥ ಕಂಪನಿಗಳಲ್ಲೊಂದು. 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದರು ಸ್ಥಾಪಿಸಿದ್ದು. 1939ರಲ್ಲಿ ಗಾಂಧಿಯವರು ಬಂದು ನೋಡಿ ಹೋದದ್ದು. ಸಂಸ್ಥಾಪಕರ ಮಗ ಯೂಸುಫ್ ಹಮೀದರು 2001ನೆಯ ಫೆಬ್ರವರಿಯಲ್ಲಿ, ಮೂರು ಏಡ್ಸ್ ಔಷಧಗಳನ್ನೂ ಸೇರಿಸಿ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿನಂತೆ, ಎಂದರೆ ದಿನಕ್ಕೆ ಒಂದು ಡಾಲರಿಗೂ ಕಡಮೆಗೆ, ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ ಒದಗಿಸುವೆವೆಂದು ಸಾರಿದರು. 10,000 ಎಲ್ಲಿ, 350 ಎಲ್ಲಿ! ಔಷಧ ದುಬಾರಿಯಾದದ್ದು ತಯಾರಿಕೆಯ ವೆಚ್ಚದಿಂದಲ್ಲ ಎಂಬ ಗುಟ್ಟು ಒಡೆದುಹೋಯಿತು. ಹಮೀದರು ವ್ಯಾಪಾರಿಗಳೇ ಹೊರತು ಸನ್ಯಾಸಿಗಳಲ್ಲ; ಆದರೆ ಬಡವನಿಗೆ ಸನ್ಯಾಸಿಯ ಆಶೀರ್ವಾದಕ್ಕಿಂತ ವ್ಯಾಪಾರಿಯ ನ್ಯಾಯವಾದ ಬೆಲೆ ಹೆಚ್ಚು ಉಪಕಾರಮಾಡುವ ಸಂದರ್ಭಗಳುಂಟು. (ಅಂತರರಾಷ್ಟ್ರೀಯ ಒಪ್ಪಂದಕ್ಕೆ ಕಟ್ಟುಬಿದ್ದು, 2005ರ ಜನವರಿಯಿಂದ ನಮ್ಮ ದೇಶವೂ ಔಷಧಗಳಿಗೇ ಪೇಟೆಂಟು ಕೊಡತೊಡಗಿದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.)

ಬೆಲೆ ಇಳಿದ ಮೇಲೆ ಬೇರೊಂದು ಆಕ್ಷೇಪ ಹೊರಟಿತು. ಮೂರು ಔಷಧಗಳನ್ನು ಗಂಟೆಗೆ ಸರಿಯಾಗಿ ಜೀವಮಾನವಿಡೀ ಸೇವಿಸುವುದು ಆಫ್ರಿಕದ ಜನಕ್ಕೆ ಸಾಧ್ಯವಿಲ್ಲ; ಗಡಿಯಾರದ ಕಾಲ ಅವರಿಗೆ ತಿಳಿಯದು. 2001ರಲ್ಲಿ ಹೀಗೆಂದವರು ಅಮೆರಿಕ ಸರಕಾರದ ವಿದೇಶೀ ನೆರವಿನ ಇಲಾಖೆಯ ಮುಖ್ಯಾಧಿಕಾರಿಗಳೇ. ಅದೇ ವರ್ಷ ಕೇಪ್‌ಟೌನಿನ ಅಂಚಿನ ಖಯೆಲಿತ್ಷ ಎಂಬ ತಗಡಿನ ಗುಡಿಸಲುಗಳ ಬಡಾವಣೆಯಲ್ಲಿ ಗಡಿಗಳಿಲ್ಲದ ವೈದ್ಯರು ಚಿಕಿತ್ಸೆ ಆರಂಭಿಸಿದರು. ಅಲ್ಲಿಯ ರೋಗಿಗಳು ಹೊತ್ತು ತಪ್ಪದೆ ಗುಳಿಗೆ ಸೇವಿಸಿ ಈ ಆಕ್ಷೇಪದ ಬಾಯಿ ಮುಚ್ಚಿಸಿದರು.

ಅವರಿಗೆ ಅದು ಹೇಗೆ ಸಾಧ್ಯವಾಯಿತೆಂಬುದು ಕನ್ನಡ ಮೇಷ್ಟರಾದ ನನಗೆ ವಿಶೇಷ ಆಸಕ್ತಿಯ ವಿಷಯ. ಚಳವಳಿಯವರು ಮಾಡಿದ ದೊಡ್ಡ ಕೆಲಸವೆಂದರೆ ಪಾಠ ಹೇಳುವುದು. ಅಡಿಗೆಯ ಕೆಲಸದ ಹೆಂಗಸರು, ಕೆಲಸವಿಲ್ಲದ ತರುಣರು, ಶಾಲೆಯನ್ನು ಅರ್ಧಕ್ಕೆ ಬಿಟ್ಟವರು, ವೈರಾಣು ರಕ್ತಕಣದೊಳಕ್ಕೆ ಹೇಗೆ ನುಗ್ಗುತ್ತದೆ, ಯಾವ ಮದ್ದು ಅದನ್ನು ಎಲ್ಲಿ ತಡೆಯುತ್ತದೆ, ಒಂದು ಹೊತ್ತು ತಪ್ಪಿದರೆ ಏನಾಗುತ್ತದೆ ಎಂಬುದನ್ನೆಲ್ಲ ಖೋಸ, ಜುಲು ಮೊದಲಾದ ತಮ್ಮ ತಮ್ಮ ಭಾಷೆಗಳಲ್ಲಿಯೇ ಕಲಿತು, ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಿದ್ದವರಿಗೆ ಕಲಿಸಿದರು. ಸ್ವಾತಂತ್ರ್ಯ ಚಳವಳಿಯ ಹಾಡುಗಳ ಧಾಟಿಗೆ ಔಷಧಗಳ ಹೆಸರನ್ನು ಸೇರಿಸಿ ಹಾಡಿದರು. ಉಚ್ಚ ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಆಗದ ಮಾತು ಎಂದು ಅಧ್ಯಾಪಕರ ಕೊಠಡಿಯಲ್ಲಿ ಕಾಫಿ ಕುಡಿಯುತ್ತ ವಾದಿಸುವ ನನ್ನ ಮಿತ್ರರಿಗೆ ಈ ಸಂಗತಿಯನ್ನು ನಾನು ಹಲವು ಸಲ ಹೇಳಿದ್ದೇನೆ. ಅವರು ನಕ್ಕು ಕಾಫಿ ಮುಗಿಸುತ್ತಾರೆ.

ಕೊಡಲೊಲ್ಲದ ಸರಕಾರ

ಕಂಪನಿಗಳೊಡನೆ ಸೆಣಸುವಾಗ ಸರಕಾರದ ಬೆಂಬಲಕ್ಕೆ ನಿಂತ ಚಳವಳಿಗೆ, ಅದೇ ಸರಕಾರದೊಡನೆ ಸೆಣಸಬೇಕಾಗಿ ಬಂದದ್ದು ದೈವವಿಲಾಸ. ಮಂಡೇಲರ ತರುವಾಯ ಅಧ್ಯಕ್ಷರಾದ ಥಾಬೊ ಎಂಬೆಕಿಯವರಿಗೆ ಏಡ್ಸ್ ರೋಗಕ್ಕೆ ಎಚ್.ಐ.ವಿ.ಯೇ ಕಾರಣವೆಂಬುದರಲ್ಲಿ ಸಂಶಯ ಹುಟ್ಟಿತು. ಔಷಧಗಳೇ ವಿಷವೆಂಬ ವಾದಕ್ಕೆ ಅವರು ಕಿವಿಗೊಟ್ಟರು. ಅವರ ಆರೋಗ್ಯಮಂತ್ರಿಗಳು ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟುಗಳ ಗುಣಗಾನ ಮಾಡಿದರು. ಇವು ಅಡಿಗೆಮನೆಯಲ್ಲಿ ಒಳ್ಳೆಯ ಪದಾರ್ಥಗಳೇ. ಆದರೆ ಅವುಗಳಿಂದ ಎಚ್.ಐ.ವಿ. ಅಡಗುವುದಿಲ್ಲ.

ಇದರ ಕ್ರೂರ ಪರಿಣಾಮ ಕಂಡದ್ದು ಹಸುಗೂಸುಗಳ ವಿಷಯದಲ್ಲಿ. ನೆವಿರಪೀನ್ ಎಂಬ ಮದ್ದನ್ನು ಹೆರಿಗೆಯ ಹೊತ್ತಿಗೆ ತಾಯಿಗೆ ಒಂದು ಗುಳಿಗೆ, ಹುಟ್ಟಿದ ಮೂರು ದಿನದೊಳಗೆ ಮಗುವಿಗೆ ಒಂದಿಷ್ಟು ತೊಟ್ಟು ಕೊಟ್ಟರೆ, ತಾಯಿಯ ರೋಗ ಮಗುವಿಗೆ ಹತ್ತುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ತಯಾರಕರು ಐದು ವರ್ಷ ಅದನ್ನು ಧರ್ಮಾರ್ಥವಾಗಿಯೇ ಕೊಡುವೆವೆಂದಿದ್ದರು. ಆದರೂ ಸರಕಾರ ಪ್ರಾಂತಕ್ಕೆ ಎರಡರಂತೆ, ಇಡೀ ದೇಶದಲ್ಲಿ 18 ಕೇಂದ್ರಗಳಲ್ಲಿ ಮಾತ್ರ ಅದನ್ನು ಕೊಡಗೊಟ್ಟಿತು. ಉಳಿದ ಆಸ್ಪತ್ರೆಗಳ ವೈದ್ಯರು, ಹೆರಿಗೆಯ ಕೋಣೆಯಲ್ಲಿ ತಾಯಿಯ ಮುಖ ನೋಡಿಕೊಂಡು ಕೈಕಟ್ಟಿ ನಿಲ್ಲಬೇಕಾಯಿತು. ಬೆಲೆಯ ನೆಪವೂ ಇಲ್ಲ! ಚಳವಳಿಯವರು ನ್ಯಾಯಾಲಯಕ್ಕೆ ಹೋದರು. ದೇಶದ ಹೊಸ ಸಂವಿಧಾನದ 27ನೆಯ ವಿಧಿ ವೈದ್ಯ ಸೌಕರ್ಯವನ್ನು ಪ್ರಜೆಯ ಹಕ್ಕೆಂದು ಹೇಳುತ್ತದೆ. 2002ನೆಯ ಜುಲೈ 5ರಂದು ಸಂವಿಧಾನ ನ್ಯಾಯಾಲಯ, ಈ ಮದ್ದನ್ನು ತಡೆಹಿಡಿದಿರುವುದು ಸಂವಿಧಾನಕ್ಕೆ ವಿರುದ್ಧವೆಂದೂ, ಸರಕಾರಿ ಆಸ್ಪತ್ರೆಗಳಲ್ಲೆಲ್ಲ ಅದು ದೊರೆಯುವಂತೆ ಮಾಡತಕ್ಕದ್ದೆಂದೂ ತೀರ್ಪಿತ್ತಿತು.

ಅದೇ ತಿಂಗಳು ಅಖ್ಮತ್ ಶ್ವಾಸಕೋಶದ ಬೇನೆಯಿಂದ ಹಾಸಿಗೆ ಹಿಡಿದಿದ್ದರು. ಎಂಬತ್ತನಾಲ್ಕು ವರ್ಷದ ಮಂಡೇಲ ಅವರ ಮನೆಗೆ ತಾವೇ ಬಂದರು. ಔಷಧ ತೆಗೆದುಕೋ ಎಂದು ಆ ಹಿರಿಯರು ಕೇಳಿದರು. ಆಗದೆಂದು ಈ ಕಿರಿಯರು ವಿನಯದಿಂದಲೇ ಉತ್ತರಿಸಿದರು. ಜನಕ್ಕೆಲ್ಲ ಒಂದು ಧ್ಯೇಯಕ್ಕಾಗಿ ಬದುಕನ್ನು ಪಣವಿಡಲು ಕಲಿಸಿದವರೇ ಮಂಡೇಲ. ಅವರು ಇನ್ನೇನು ವಾದಿಸಿಯಾರು? ಹೊರಗೆ ಬಂದು, ಈ ವಿಷಯವನ್ನು ಅಧ್ಯಕ್ಷರೊಡನೆ ಮಾತಾಡುವೆನೆಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಖಯೆಲಿತ್ಷದ ಚಿಕಿತ್ಸಾಲಯಕ್ಕೆ ಹೋದಾಗ, 'ಎಚ್.ಐ.ವಿ. ಪಾಸಿಟಿವ್' ಎಂಬ ಅಂಗಿಯನ್ನು ತಾವೂ ತೊಟ್ಟು ನಿಂತರು. ಆ ಭಾವಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಗುಗು ಡ್ಲಮಿನಿಯ ಹೆಸರಿನಲ್ಲಿ ಹೊಲಿಸಿದ ಅಂಗಿ, ರಾಷ್ಟ್ರಪಿತನ ಮೈಮೇಲೆ!

ಆದರೂ ದೊಡ್ಡವರಿಗೆ ಚಿಕಿತ್ಸೆ ಕೊಡುವ ಯೋಜನೆ ಹೊರಡಲಿಲ್ಲ. 2003ನೆಯ ಮಾರ್ಚಿಯಲ್ಲಿ ಚಳವಳಿಯವರು ಕಾನೂನುಭಂಗಕ್ಕೆ ಇಳಿದರು. ಏಡ್ಸಿನಿಂದ ದಿನಕ್ಕೆ 600 ಮಂದಿ ಸಾಯುತ್ತಿದ್ದಾರೆಂದು ಅವರು ಲೆಕ್ಕ ಹೇಳುತ್ತಿದ್ದರು. ಪೊಲೀಸ್ ಠಾಣೆಗಳಿಗೆ ಮೆರವಣಿಗೆಯಲ್ಲಿ ಹೋಗಿ, ಆರೋಗ್ಯಮಂತ್ರಿ, ವಾಣಿಜ್ಯಮಂತ್ರಿಗಳ ಮೇಲೆ ನರಹತ್ಯೆಯ ಫಿರ್ಯಾದು ದಾಖಲಿಸಬೇಕೆಂದು ಕೇಳಿದರು. ಡರ್ಬನಿನಲ್ಲಿ ಲಾಠಿಯ ಪೆಟ್ಟೂ ಬಿತ್ತು. ಇದರಲ್ಲಿ ಹಲವರು ಹಿಂದೆ ಇದೇ ಪಕ್ಷದ ಬಾವುಟ ಹಿಡಿದು ಬಿಳಿಯರ ಲಾಠಿ ತಿಂದವರು ಎಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ.

ಆಗಸ್ಟಿನಲ್ಲಿ ಸಂಘದ ಮಹಾಸಭೆ ಡರ್ಬನಿನಲ್ಲಿ ಸೇರಿತು. ಅಲ್ಲಿ ಸದಸ್ಯರು ತಮ್ಮ ನಾಯಕನ ಪ್ರತಿಜ್ಞೆಯನ್ನೇ ಚರ್ಚೆಗೆ ತೆಗೆದುಕೊಂಡು, ನೀವು ಬದುಕಬೇಕು, ಔಷಧ ಸೇವಿಸಲೇಬೇಕು ಎಂದು ಪಟ್ಟು ಹಿಡಿದರು. ಮಂಡೇಲರಿಗೆ ಬಗ್ಗದವರು ಇವರಿಗೆ ಬಗ್ಗಿದರು. ಪ್ರತಿಜ್ಞೆಯ ಷರತ್ತು ಇನ್ನೂ ಪೂರೈಸಿರಲಿಲ್ಲ, ನಿಜ. ಆದರೆ ಅದೇ ವಾರ ಮಂತ್ರಿಮಂಡಲ ಚಿಕಿತ್ಸೆಯ ಯೋಜನೆ ಸಿದ್ಧಪಡಿಸುವಂತೆ ಆಜ್ಞೆ ಮಾಡಿತು. ನವೆಂಬರ್ 19ರಂದು ಯೋಜನೆಗೆ ಒಪ್ಪಿಗೆ ದೊರೆಯಿತು. 2004ರಿಂದ ಸರಕಾರಿ ಚಿಕಿತ್ಸಾಲಯಗಳಲ್ಲಿ ಔಷಧ ಹಂಚಿಕೆ ತೊಡಗಿತು. ಅಖ್ಮತ್ ಸೆಪ್ಟೆಂಬರಿನಲ್ಲಿಯೇ ಗುಳಿಗೆ ಆರಂಭಿಸಿದ್ದರು. ಅವರು ಚೇತರಿಸಿಕೊಂಡರು. 2024ರಲ್ಲಿ ತಮ್ಮ ಅರುವತ್ತೆರಡನೆಯ ವಯಸ್ಸಿನಲ್ಲಿ ಪಾರ್ಲಿಮೆಂಟಿನ ಚುನಾವಣೆಗೆ ಪಕ್ಷೇತರರಾಗಿ ನಿಂತು ಸೋಲುವಷ್ಟು ಗಟ್ಟಿಯಾಗಿಯೇ ಇದ್ದರು!

ಬದುಕದವರ ಲೆಕ್ಕವೂ ಇದೆ. ಔಷಧವನ್ನು ಸಕಾಲದಲ್ಲಿ ಕೊಟ್ಟಿದ್ದರೆ 2000ದಿಂದ 2005ರವರೆಗೆ 3,30,000ಕ್ಕೂ ಹೆಚ್ಚು ಜನ ಉಳಿಯುತ್ತಿದ್ದರೆಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಅದೇ ವರ್ಷ ಎಂಬೆಕಿ ಅಧಿಕಾರ ಬಿಟ್ಟರು. ಆಮೇಲೆ ಕೆಲಸ ಚುರುಕಾಗಿ, ಇಂದು ಆ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಈ ಚಿಕಿತ್ಸೆಯಲ್ಲಿದ್ದಾರೆ. ಇಷ್ಟು ಜನರಿಗೆ ಏಡ್ಸ್ ಔಷಧ ಒದಗಿಸುವ ದೇಶ ಜಗತ್ತಿನಲ್ಲಿ ಮತ್ತೊಂದಿಲ್ಲ. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನು ಹಠಾತ್ತನೆ ತಡೆಹಿಡಿದಾಗ ಕೆಲವು ಚಿಕಿತ್ಸಾಲಯಗಳ ಬಾಗಿಲು ಮುಚ್ಚಿ, ಚಳವಳಿಯವರಿಗೆ ಮತ್ತೆ ಕೆಲಸ ಬಿದ್ದಿತು.

ಡರ್ಬನ್ ನಗರದ ನಡುವೆ ಈಗ ಒಂದು ಉದ್ಯಾನವಿದೆ. ಕೆಲಸಕ್ಕೆ ಹೋಗುವವರು, ಶಾಲೆಯ ಮಕ್ಕಳು ಅದನ್ನು ಹಾದು ಹೋಗುತ್ತಾರೆ. ಅದರ ಹೆಸರು ಗುಗು ಡ್ಲಮಿನಿ ಉದ್ಯಾನ.